ಹದಿನಾರನೇ ಪಿನ್

ಹಳೇ ಕಾರಿಗೆ ಇವತ್ತು ದೋಷ ಓದುವ ಸ್ಕ್ಯಾನರ್ ಹಾಕಿದರೆ ಲೈಟೇ ಬರಲಿಲ್ಲ. ಪಕ್ಕದ ಮನೆಯವರ ಕಾರಿಗೆ ಹಾಕಿ ನೋಡಿದೆ, ಅಲ್ಲಿ ಸರಿಯಾಗೇ ಕೆಲಸ ಮಾಡಿತು.

ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲ್ಟಿಮೀಟರ್ ಹಿಡಿದೆ. ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಪೋರ್ಟಿನಲ್ಲಿ 16 ಪಿನ್. 4ನೆಯದು ಅರ್ಥ್. 16ನೆಯದಕ್ಕೆ ಬ್ಯಾಟರಿಯ 12 ವೋಲ್ಟ್ ಬರಬೇಕು. ಮೀಟರಿನಲ್ಲಿ ಸೊನ್ನೆ.

ಆಗ ನೆನಪಾಯಿತು, ಕಾರಿನಲ್ಲಿ ಮೊಬೈಲ್ ಚಾರ್ಜ್ ಆಗದೆ ಎರಡು ವಾರ ಆಗಿದೆ. ಎಷ್ಟೋ ಕಾರುಗಳಲ್ಲಿ ಚಾರ್ಜರ್ ಸಿಕ್ಕಿಸುವ ಲೈಟರ್ ಸಾಕೆಟ್ಟಿಗೂ ಈ ಪೋರ್ಟಿಗೂ ಒಂದೇ ಫ್ಯೂಸ್. ಕಿತ್ತು ಬೆಳಕಿಗೆ ಹಿಡಿದೆ. ಒಳಗಿನ ಸಣ್ಣ ತಂತಿ ನಡುವೆ ಕರಗಿ ಹೋಗಿತ್ತು, ಪ್ಲಾಸ್ಟಿಕ್ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ.

ಪಾಪ, ಕಾರು ಎರಡು ವಾರದಿಂದ ಹೇಳ್ತಾನೇ ಇತ್ತು ಅಲ್ವಾ? ನಾನು ಚಾರ್ಜರ್ ಕೇಬಲ್ ಬದಲಾಯಿಸುತ್ತಾ ಇದ್ದೆ.

ಅಷ್ಟೇ ಆಂಪಿಯರಿನ ಹೊಸ ಫ್ಯೂಸ್ ಒತ್ತಿದೆ. ಸ್ಕ್ಯಾನರಿನ ದೀಪ ಹತ್ತಿತು.