ಆರಿಂಚಿನ ಕನ್ನಡಿ: ಕೊನೆಗೂ ಅಂಚು ಸಿಕ್ಕಿತು

ಮನೆಯಲ್ಲೇ ಟೆಲಿಸ್ಕೋಪಿಗೆ ಕನ್ನಡಿ ಉಜ್ಜುತ್ತಿದ್ದೇನೆ. ಮೂರೂವರೆ ವಾರ ಆದ ಮೇಲೆ ನಿನ್ನೆ ಬೆಳಿಗ್ಗೆ ಟೆಸ್ಟರ್ (ಬೆಳಕು, ಕತ್ತಿಯಂಚು ಇಟ್ಟು ಕನ್ನಡಿಯ ಆಕಾರ ನೋಡುವ ಸಾಧನ) ಹಿಂದೆ ಕಣ್ಣಿಟ್ಟಾಗ ಕನ್ನಡಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳ್ಳಿ ಗೆರೆ ಕಂಡಿತು. ಎಡಕ್ಕೂ ಇತ್ತು, ಬಲಕ್ಕೂ ಇತ್ತು. ಅಂಚು ಇಳಿದಿಲ್ಲ ಅನ್ನೋದಕ್ಕೆ ಅದೇ ಗುರುತು, ಕನ್ನಡಿ ಉಜ್ಜಿದವರಿಗೆ ಇದರ ಬೆಲೆ ಗೊತ್ತು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಅವಳೂ ಒಂದು ನಿಮಿಷ ಕಣ್ಣು ತೆಗೆಯದೆ ನೋಡಿ, "ಚೆನ್ನಾಗಿದೆ. ಇನ್ನಾದರೂ ತಿಂಡಿಗೆ ಬನ್ನಿ" ಅಂದಳು.

ಒರಟು ಉಜ್ಜೋದು, ನಯ ಉಜ್ಜೋದು, ಪಿಚ್ ಲ್ಯಾಪ್ (ಡಾಂಬರಿನಂಥ ಪಿಚ್ ಹುಯ್ದ ಪಾಲಿಶ್ ತಟ್ಟೆ) ಹುಯ್ಯೋದು ಎಲ್ಲ ನಿಮಗೆ ಗೊತ್ತಿರೋದೇ. ಬಿಡ್ತೇನೆ. ಆರಿಂಚು, ಎಫ್ 8 (ಫೋಕಸ್ ದೂರ ವ್ಯಾಸದ ಎಂಟು ಪಟ್ಟು), 19 ಮಿ.ಮೀ. ದಪ್ಪದ ಮಾಮೂಲಿ ಗಾಜು. ಇಷ್ಟು ಸಾಕು.

ತೊಂದರೆ ಶುರುವಾಗಿದ್ದು ಪಾಲಿಶ್ ಮುಗಿಯುವ ಹೊತ್ತಿಗೆ. ನಡುಭಾಗ ಸೊಗಸಾಗಿ ಗೋಳಕ್ಕೆ ಬಂದಿತ್ತು. ಹೊರಗಿನ ಹತ್ತು ಮಿ.ಮೀ. ಮಾತ್ರ ಕೆಳಗೆ ಜಾರಿತ್ತು. ಅಂಚು ಇಳಿದರೆ ಬರೀ ಅಂಚನ್ನು ಎತ್ತೋಕೆ ಆಗಲ್ಲ, ಉಳಿದ ಮೈಯನ್ನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕು. ನಾನು ಇಳಿಸಿದೆ. ಮೈ ಇಳಿದಷ್ಟೂ ಅಂಚು ಮತ್ತೆ ಇಳಿಯಿತು.

ಸ್ಟ್ರೋಕ್, ಅಂದ್ರೆ ಕನ್ನಡಿಯನ್ನು ಲ್ಯಾಪ್ ಮೇಲೆ ಹಿಂದೆ ಮುಂದೆ ತಳ್ಳುವ ದೂರ, ಉದ್ದವಾಯ್ತು ಅಂದುಕೊಂಡೆ. ವ್ಯಾಸದ ಮೂರನೇ ಒಂದು ಭಾಗದಿಂದ ಐದನೇ ಒಂದು ಭಾಗಕ್ಕೆ ಇಳಿಸಿದೆ. ಆಗಲಿಲ್ಲ. ಲ್ಯಾಪ್‌ನ ಅಂಚು ಕೆರೆದೆ. ಕನ್ನಡಿಯನ್ನು ಕೆಳಗೆ, ಲ್ಯಾಪನ್ನು ಮೇಲೆ ಇಟ್ಟು ನೋಡಿದೆ. ಒತ್ತಡ ಕಡಿಮೆ ಮಾಡಿದೆ. ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ಬರೀ ಸ್ಟ್ರೋಕ್ ಲೆಕ್ಕವೇ ಇದೆ.

ನಡುವೆ ಎರಡು ದಿನ ಬಿಡುವು ಕೂಡ ಕೊಟ್ಟೆ. ಆ ಬಿಡುವು ಹೇಗಿತ್ತು ಅಂದ್ರೆ, ಅದೇ ಮನೆ, ಅದೇ ಕುರ್ಚಿ, ಟೆಸ್ಟರ್ ಕಣ್ಣೆದುರಿಗೇ, ಕೈಯಲ್ಲಿ ಸ್ಟ್ರೋಕ್ ಬಗ್ಗೆ ವಿಡಿಯೊ. ಕೈ ಸುಮ್ನಿತ್ತು, ತಲೆ ಮಾತ್ರ ಅದೇ ಗಾಜು ಉಜ್ಜುತ್ತಿತ್ತು. ಮೂರನೇ ದಿನ ಮತ್ತೆ ಸ್ಟ್ರೋಕ್‌ನಿಂದಲೇ ಶುರು ಮಾಡಿದೆ.

ಅಷ್ಟರಲ್ಲಿ ಪಾಂಡವಪುರದ ಹತ್ತಿರದ ನಮ್ಮೂರಿಂದ ದೊಡ್ಡಪ್ಪನ ಫೋನು. ಆಲೆಮನೆ ನಡೀತಿದೆ, ಆಳು ಸಾಲದು, ನಾಲ್ಕು ದಿನ ಬಾ ಅಂತ. ಮೈಸೂರಿಂದ ಬಸ್ಸಲ್ಲಿ ಒಂದು ಗಂಟೆ ದಾರಿ. ನೋಟ್‌ಬುಕ್ ಮನೆಯಲ್ಲೇ ಬಿಟ್ಟು ಹೊರಟೆ.

ಮೊದಲ ದಿನ ಕಬ್ಬು ಹೊತ್ತೆ, ಗಾಣಕ್ಕೆ ಕೊಟ್ಟೆ, ಒಲೆಗೆ ಸಿಪ್ಪೆ ತುಂಬಿದೆ. ರಾತ್ರಿ ಮೈಕೈ ನೋವಿಗೆ ಕನ್ನಡಿ ನೆನಪೇ ಆಗಲಿಲ್ಲ. ಎರಡನೇ ದಿನ ದೊಡ್ಡಪ್ಪ ನನ್ನನ್ನು ಕೊಪ್ಪರಿಗೆ ಪಕ್ಕ ನಿಲ್ಲಿಸಿಕೊಂಡರು. ಹಾಲು ಕುದ್ದು, ಸುಣ್ಣದ ನೀರು ಬಿದ್ದು, ಕೊಳೆ ತೆಗೆದು, ನೊರೆ ಕೆಂಪಗೆ ತಿರುಗಿತ್ತು. ಅಚ್ಚು ಬೆಲ್ಲಕ್ಕೆ ಪಾಕ ಸುಮಾರು 118 ಡಿಗ್ರಿಗೆ ಬರಬೇಕು. ದೊಡ್ಡಪ್ಪನ ಹತ್ತಿರ ಥರ್ಮಾಮೀಟರ್ ಇಲ್ಲ. ಒಂದು ಕಡ್ಡಿ, ಒಂದು ಬಟ್ಟಲು ನೀರು, ಅಷ್ಟೇ. ಕಡ್ಡಿ ಅದ್ದಿ ತೆಗೆದು ನೀರಿಗೆ ಎರಡು ತೊಟ್ಟು ಬಿಡ್ತಾರೆ. ತಳಕ್ಕೆ ಕೂತ ಪಾಕವನ್ನು ಬೆರಳಲ್ಲಿ ಉಂಡೆ ಮಾಡಿ ಬಟ್ಟಲಿನ ಅಂಚಿಗೆ ಕುಟ್ಟಿ ಕಿವಿಗೊಡ್ತಾರೆ. ಮೆತ್ತಗಿದ್ದರೆ ಸದ್ದಿಲ್ಲ, ಇನ್ನೂ ಬೇಯಬೇಕು.

ನಾಲ್ಕೈದು ಸಲ ನೋಡಿ ಆದ ಮೇಲೆ ಕಡ್ಡಿ ನನ್ನ ಕೈಗೆ ಬಂತು. ನಾನು ಅದೇ ಬಟ್ಟಲಿಗೆ ತೊಟ್ಟು ಬಿಡೋಕೆ ಹೋದೆ.

"ಆ ನೀರು ಚೆಲ್ಲು ಮಗ. ಬ್ಯಾರೆ ನೀರು ತಗಂಬಾ. ಬೆಚ್ಚಗಾದ ನೀರಲ್ಲಿ ಪಾಕ ಸುಳ್ಳು ಹೇಳ್ತದೆ."

ಕೊಪ್ಪರಿಗೆ ಪಕ್ಕದಲ್ಲೇ ಇಟ್ಟಿದ್ದ ಬಟ್ಟಲು ಬಿಸಿಯಾಗಿತ್ತು. ನೀರು ತರಲು ತೊಟ್ಟಿ ಕಡೆ ನಡೆದೆ. ಬಟ್ಟಲು ಮುಳುಗಿಸಿದೆ. ತಣ್ಣನೆ ನೀರು ಮುಂಗೈ ತಾಗಿದ ಕೂಡಲೇ ನಮ್ಮ ಅಡುಗೆಮನೆಯ ಮಡಕೆ ನೆನಪಾಯಿತು.

ಪಿಚ್ ಹದ ನೋಡಿದ್ದು ನಾನು ಆ ಮಡಕೆ ನೀರಲ್ಲಿ!

ಇಲ್ಲಿ ಪಿಚ್ ಕಳಿಸಿದವರ ವಿಷಯ ಹೇಳಲೇಬೇಕು. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 'ಹಾರ್ಡ್' ಅಂತಿತ್ತು. ಒಳಗಿದ್ದದ್ದು ಹೋಳಿಗೆ ಹೂರಣದ ಹಾಗೆ ಮೆತ್ತಗೆ. ಫೋನ್ ಮಾಡಿದರೆ "ಎಲ್ಲರೂ ಅದನ್ನೇ ತಗೊಂಡು ಹೋಗ್ತಾರೆ ಸಾರ್" ಅನ್ನೋ ಉತ್ತರ. ದುಡ್ಡು ಕೊಟ್ಟ ಮೇಲೆ ಹೇಳಿದ ಸಾಮಾನು ಬರಬೇಕು, ಅಲ್ವಾ? ಹಾಗಾಗಿ ನಾನೇ ರಾಳ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ್ದೆ. ಒಂದು ಚೂರು ನೀರಲ್ಲಿ ಅದ್ದಿಟ್ಟು, ಹೆಬ್ಬೆರಳ ಉಗುರು ಒತ್ತಿ, ಗುರುತು ಸರಿಯಾಗಿದೆ ಅಂತ ಲ್ಯಾಪ್ ಹುಯ್ದಿದ್ದೆ. ಗುರುತು ಸರಿಯಾಗೇ ಇತ್ತು. ಆದರೆ ಅದು ಮಡಕೆ ನೀರಿನ ತಂಪಿಗೆ ಬಂದ ಗುರುತು.

ಊರಿಂದ ಬಂದ ದಿನವೇ ಅಳೆದೆ. ಮಡಕೆ ನೀರು 24 ಡಿಗ್ರಿ. ತಾರಸಿ ಮೇಲಿನ ನನ್ನ ಶೀಟ್ ಶೆಡ್ ಮಧ್ಯಾಹ್ನ ಮೂರಕ್ಕೆ 36. ಎರಡು ಮೂರು ಡಿಗ್ರಿ ಏರಿದರೇ ಪಿಚ್ ಬೇರೆ ಥರ ಆಡುತ್ತೆ. ಹನ್ನೆರಡು ಡಿಗ್ರಿ ಅಂದ್ರೆ ಕೇಳಬೇಕಾ? ಕನ್ನಡಿ ಆ ಮೆತ್ತಗಿನ ಪಿಚ್ಚಿನೊಳಗೆ ಇಳೀತಿತ್ತು, ಅದರ ಅಂಚು ಮುಂದೆ ಪಿಚ್ಚನ್ನು ಮಡಚಿ ಎಬ್ಬಿಸ್ತಿತ್ತು, ಆ ಏರಿಯೇ ಅಂಚನ್ನು ಕೊರೀತಿತ್ತು. ಸ್ಟ್ರೋಕ್ ಎಷ್ಟು ಸಣ್ಣದು ಮಾಡಿದರೇನು!

ಮನಶ್ಶಾಸ್ತ್ರದ ಸ್ಮಿತ್ ಮತ್ತು ಬ್ಲಾಂಕೆನ್‌ಶಿಪ್ 1991ರಲ್ಲಿ, ಬಿಡುವಿನ ನಂತರ ಉತ್ತರ ಹೊಳೆಯುವ ಇಂಥದ್ದನ್ನೇ ಪರೀಕ್ಷಿಸಿದ್ದರು. ಪದ–ಚಿತ್ರದ ಒಗಟು ಕೊಟ್ಟು, ಜೊತೆಗೆ ದಾರಿ ತಪ್ಪಿಸುವ ಸುಳಿವನ್ನೂ ಕೊಟ್ಟರು. ಬಿಡಿಸಲಾಗದೆ ನಿಂತವರಲ್ಲಿ ಬಿಡುವು ಸಿಕ್ಕವರು ಮುಂದೆ ಜಾಸ್ತಿ ಒಗಟು ಬಿಡಿಸಿದರು, ಆ ತಪ್ಪು ಸುಳಿವನ್ನೂ ಹೆಚ್ಚು ಮರೆತಿದ್ದರು. ನನ್ನ ತಪ್ಪು ಸುಳಿವು ಸ್ಟ್ರೋಕ್. ಮನೆಯ ಬಿಡುವಿನಲ್ಲಿ ಅದನ್ನು ವಿಡಿಯೊ ಹಾಕಿ ಹಾಕಿ ಸಾಕಿದೆ. ಆಲೆಮನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ಕೈತುಂಬಾ ಬೇರೆ ಕೆಲಸ. ಹಾಗಂತ ಊರಿಗೆ ಹೋದವರಿಗೆಲ್ಲ ಹೊಳೆಯುತ್ತೆ ಅಂತಲ್ಲ. ಆ ಹನ್ನೊಂದು ಪುಟ ಬರೆದಿರದಿದ್ದರೆ ದೊಡ್ಡಪ್ಪನ ಮಾತು ಬರೀ ಬೆಲ್ಲದ ಮಾತಾಗಿ ಉಳೀತಿತ್ತು.

ನಮ್ಮ ಕೆಲಸದಲ್ಲಿ ಗಾಜಿಗೂ ಬಿಡುವು ಬೇಕಲ್ಲ. ಉಜ್ಜಿದ ಬಿಸಿ ಆರದೆ ಟೆಸ್ಟ್ ಮಾಡಿದರೆ ಇಲ್ಲದ ಗುಡ್ಡ ಕಾಣುತ್ತೆ. ಮೊದಲು ಆ ಒಂದು ಗಂಟೆ ಶೆಡ್ಡಲ್ಲೇ ಕೂತು ಚಡಪಡಿಸ್ತಿದ್ದೆ. ಈಗ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಬರ್ತೇನೆ.

ಸರಿಪಡಿಸಿದ್ದು ಹೀಗೆ: ಲ್ಯಾಪ್ ಕೆರೆದು ತೆಗೆದು, ಇನ್ನಷ್ಟು ರಾಳ ಹಾಕಿ ಮತ್ತೆ ಕಾಯಿಸಿದೆ. ಒಂದು ಮಗ್ ನೀರನ್ನು ರಾತ್ರಿಯೆಲ್ಲ ಶೆಡ್ಡಲ್ಲೇ ಇಟ್ಟು, ಕೆಲಸದ ಹೊತ್ತಿಗೆ ಆ ನೀರಲ್ಲೇ ಉಗುರು ಗುರುತು ನೋಡಿದೆ. ಮಧ್ಯಾಹ್ನದ ಪಾಲಿಶ್ ನಿಲ್ಲಿಸಿ ಬೆಳಿಗ್ಗೆ ಆರರಿಂದ ಎಂಟಕ್ಕೆ ಬಂದೆ. 20 ನಿಮಿಷ ಉಜ್ಜು, ಒಂದು ಗಂಟೆ ಬಿಡು. ಹನ್ನೆರಡು ದಿನ ಹಿಡೀತು. ತೀರಾ ತುದಿಯಲ್ಲಿ ಒಂದು ಮಿ.ಮೀ. ಇನ್ನೂ ಸಂಶಯ ಇದೆ, ಅದನ್ನು ಬೆವೆಲ್ (ತುದಿಯನ್ನು ಓರೆಯಾಗಿ ತೇಯೋದು) ನುಂಗುತ್ತೆ.

ಇದರ ನಡುವೆ ಮುಂದಿನದ್ದೂ ತಲೆಗೆ ಹತ್ತಿದೆ. ಎಂಟಿಂಚು, ಎಫ್ 5, ಬಿಚ್ಚಿ ಬಸ್ಸಿನ ಸೀಟಿನಡಿ ಇಡುವಂಥ ಟ್ಯೂಬ್. ಮುಂದಿನ ಆಲೆಮನೆ ಹೊತ್ತಿಗೆ ಊರಲ್ಲಿ ನಿಲ್ಲಿಸಬೇಕು, ರಾತ್ರಿ ಪಾಕ ಕಾಯುವವರಿಗೆ ಚಂದ್ರನ ಕುಳಿ ತೋರಿಸಬೇಕು. ಅದಕ್ಕೂ ಮೊದಲು ಒಮ್ಮೆ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯಕ್ಕೆ ಹೋಗೋ ಆಸೆ. ಅಲ್ಲಿನ 2.34 ಮೀಟರ್ ಕನ್ನಡಿಗೆ ರೂಪ ಕೊಟ್ಟಿದ್ದು ನಮ್ಮ ಬೆಂಗಳೂರಿನ ಖಗೋಳ ಭೌತ ಸಂಸ್ಥೆಯಲ್ಲೇ. ಅಷ್ಟು ದೊಡ್ಡ ಲ್ಯಾಪಿನ ಪಿಚ್ ಹದ ಅವರು ಹೇಗೆ ಹಿಡಿದರೋ ಕೇಳಬೇಕು.

ಸದ್ಯಕ್ಕೆ ಪ್ಯಾರಾಬೋಲ ಬಾಕಿ, ಅಂದ್ರೆ ಗೋಳದ ನಡುವನ್ನು ಇನ್ನಷ್ಟು ಆಳ ಮಾಡೋದು. ನನ್ನದು ಬೆಳಕು ನಿಂತು ಕತ್ತಿ ಮಾತ್ರ ಸರಿಯುವ ಟೆಸ್ಟರ್, ನಡುವಿಂದ ಅಂಚಿಗೆ ಕತ್ತಿ ನಿಲ್ಲುವ ಜಾಗದಲ್ಲಿ 2.38 ಮಿ.ಮೀ. ವ್ಯತ್ಯಾಸ ಬರಬೇಕು. ನಾಳೆ ಬೆಳಿಗ್ಗೆ ಆರಕ್ಕೆ ಶುರು. ನೀರಿನ ಮಗ್ ಈಗಲೇ ಶೆಡ್ಡಲ್ಲಿಟ್ಟು ಬಂದೆ.