ಮೇಷ್ಟ್ರ ಕೆಂಪು ಹೆಬ್ಬೆರಳು

ಕಳೆದ ತಿಂಗಳು ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು ತೀರಿಕೊಂಡರು. ನುಡಿನಮನಕ್ಕೆಂದು ಚಿತ್ರದುರ್ಗಕ್ಕೆ ಬಂದವಳು ಹಳೆಯ ಪ್ರಯೋಗಾಲಯದ ಬಾಗಿಲು ತೆರೆಸಿದೆ. ಕಿಟಕಿಯಾಚೆ ಅದೇ ಕೋಟೆ, ಅದೇ ಬಂಡೆ. 1994ರಲ್ಲಿ ಬಿ.ಎಸ್ಸಿ.ಗೆ ಸೇರಿದಾಗ ಓದಿದ ಪಾಠಗಳು ಬಹುಪಾಲು ಮರೆತಿವೆ. ಮೇಷ್ಟ್ರ ಹೆಬ್ಬೆರಳು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಅದು ಸದಾ ಕೆಂಪಗೆ ಇರುತ್ತಿತ್ತು. ನಮ್ಮೂರಿನಲ್ಲಿ ಈರುಳ್ಳಿಗೆ ಬರವೇ? ನೀರಿನ ಲೋಟದ ಮೇಲೆ ಕೂರಿಸಿದರೆ ಎರಡು ಮೂರು ದಿನಕ್ಕೆ ಬಿಳಿ ಬೇರು ಇಳಿಯುತ್ತಿತ್ತು. ಮೇಷ್ಟ್ರು ಬೇರಿನ ತುದಿಯನ್ನಷ್ಟೇ ಕತ್ತರಿಸಿ, ಆಮ್ಲದಲ್ಲಿ ಮೆತ್ತಗಾಗಿಸಿ, ಅಸಿಟೊಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪಕ್ಕೆ ತುಸು ಹಿಡಿದು, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಬೆರಳು ಜಾರಿತೋ, ಕೋಶಗಳೆಲ್ಲ ಕಲಸಿಹೋಗುತ್ತಿದ್ದವು. ಹದವಾಗಿ ಒತ್ತಿದರೆ, ವರ್ಣತಂತುಗಳು ಎರಡು ಪಾಲಾಗಿ ಹೊರಟಿರುವುದು ಕಾಣುತ್ತಿತ್ತು. "ಬೇರು ಬೆಳೆಯುವುದೆಲ್ಲ ಇಲ್ಲಿಂದಲೇ, ನೋಡಮ್ಮ" ಎನ್ನುತ್ತಿದ್ದರು.

ಸೂಕ್ಷ್ಮದರ್ಶಕಕ್ಕೆ ಆಗ ದೀಪವಿರಲಿಲ್ಲ, ಕೆಳಗೊಂದು ದುಂಡು ಕನ್ನಡಿ ಇತ್ತು. ಒಂದು ಮಧ್ಯಾಹ್ನ ನಾನೂ ಗೆಳತಿಯೂ ಅದನ್ನು ಕಳಚಿ, ಎದುರಿನ ಅರ್ಥಶಾಸ್ತ್ರ ತರಗತಿಯ ಕಪ್ಪುಹಲಗೆಯ ಮೇಲೆ ಬಿಸಿಲು ಕುಣಿಸಿದೆವು. ಸಿಕ್ಕಿಬೀಳುವ ಗಾಬರಿಯಲ್ಲಿ ಕನ್ನಡಿ ಕೈಜಾರಿ ಅಂಚು ಸೀಳಿತು. ಮೇಷ್ಟ್ರು ಬೈಯಲಿಲ್ಲ. ಅದೇ ಕನ್ನಡಿಯನ್ನು ಸಿಕ್ಕಿಸಿ, ಸಾವಿರ ಕೋಶ ಎಣಿಸಿ ಅದರಲ್ಲಿ ವಿಭಜನೆಯಾಗುತ್ತಿರುವುದೆಷ್ಟು ಎಂದು ಬರೆಯಲು ಹೇಳಿದರು. ಕತ್ತಲಾಗುವವರೆಗೆ ಎಣಿಸಿದೆವು. ಕಣ್ಣು ಕುಕ್ಕುವಷ್ಟು ಬೆಳಕು ಬಿಟ್ಟುಕೊಂಡಿದ್ದೆ. ಮೇಷ್ಟ್ರು ಹಿಂದಿನಿಂದ ಬಂದು, ಬೆಳಕು ಬರುವ ಕಿಂಡಿಯಾದ ಡಯಾಫ್ರಮ್ ಕಿರಿದು ಮಾಡಿದರು. ಮಾಸಲಾಗಿದ್ದ ಕೋಶದ ಗೋಡೆಗಳು ಗೆರೆ ಎಳೆದಂತೆ ಎದ್ದು ನಿಂತವು.

ಈಗ ನಾನು ಬೆಂಗಳೂರಿನಲ್ಲಿ ಕಾಂಡಕೋಶ (ಸ್ಟೆಮ್ ಸೆಲ್, ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಸಂಶೋಧಕರಿಗೆ ಕಾನ್ಫೋಕಲ್ ಸೂಕ್ಷ್ಮದರ್ಶಕ ಕಲಿಸುತ್ತೇನೆ. ಲೇಸರ್ ಕೋಶವನ್ನು ಬೆಳಗುತ್ತದೆ. ಸೂಜಿಮೊನೆಯಂಥ ರಂಧ್ರ ಬೇರೆ ಆಳದ ಮಸುಕು ಬೆಳಕನ್ನು ತಡೆಯುತ್ತದೆ. ಬಂದ ಹುಡುಗರು ಮೊದಲು ಮಾಡುವುದು ಲೇಸರ್ ಏರಿಸುವುದು. ಚಿತ್ರ ಝಗಮಗಿಸುತ್ತದೆ, ಆದರೆ ಅತಿ ಹೊಳೆದ ಜಾಗದಲ್ಲಿ ವಿವರ ಅಳಿಸಿಹೋಗಿರುತ್ತದೆ, ಜೀವಂತ ಕಾಂಡಕೋಶ ಆ ಬೆಳಕಿಗೇ ಸೊರಗುತ್ತದೆ. ನಾನು ಹಿಂದಿನಿಂದ ಹೋಗಿ ಬೆಳಕು ಇಳಿಸುತ್ತೇನೆ. ನನ್ನ ಬಳಿ ಕಲಿತವರು ಇಂದು ಹೊರದೇಶದ ಪ್ರಯೋಗಾಲಯಗಳಲ್ಲೂ ಇದ್ದಾರೆ. ಅವರ ಚಿತ್ರಗಳನ್ನು ಕಂಡಾಗ ಎದೆಯುಬ್ಬುತ್ತದೆ.

ಜಪಾನಿನ ವಿಜ್ಞಾನಿ ಶಿನ್ಯಾ ಯಮನಕ 2006ರಲ್ಲಿ ನಾಲ್ಕು ಜೀನ್‌ಗಳಿಂದ ಇಲಿಯ ಚರ್ಮದ ಕೋಶವನ್ನು ಕಾಂಡಕೋಶದಂತೆ ಮಾಡಿದ್ದರು. 2012ರಲ್ಲಿ ಅವರಿಗೆ ನೊಬೆಲ್ ಬಂದಾಗ ಮೇಷ್ಟ್ರಿಗೆ ಫೋನ್ ಮಾಡಿ ವಿವರಿಸಿದೆ. ಎಲ್ಲ ಕೇಳಿ, "ಎಷ್ಟು ಕೋಶ ಎಣಿಸಿದರಂತೆ?" ಎಂದರು.

ಇವತ್ತು ಎಷ್ಟೋ ಕಾಲೇಜುಗಳಲ್ಲಿ ಬೇರಿನ ತುದಿಯ ಪ್ರಯೋಗವನ್ನು ವಿಡಿಯೊದಲ್ಲಿ ತೋರಿಸಿ ಮುಗಿಸುತ್ತಾರೆ. ಮಕ್ಕಳ ರೆಕಾರ್ಡ್ ಪುಸ್ತಕಗಳಲ್ಲಿ ಚಿತ್ರ ಅಚ್ಚುಕಟ್ಟು, ಬೆರಳಿಗೆ ಬಣ್ಣವಿಲ್ಲ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಹಳೆಯ ಪ್ರಯೋಗಾಲಯದ ಕಪಾಟಿನಲ್ಲಿ ನಮ್ಮ ಸೂಕ್ಷ್ಮದರ್ಶಕ ಇನ್ನೂ ಇದೆ, ಅಂಚು ಸೀಳಿದ ಕನ್ನಡಿಯೊಂದಿಗೆ. ಮುಂದಿನ ತಿಂಗಳ ಮೊದಲ ಶನಿವಾರ ಬರುತ್ತೇನೆಂದು ಪ್ರಾಂಶುಪಾಲರಿಗೆ ಹೇಳಿದ್ದೇನೆ. ಬುಧವಾರವೇ ಈರುಳ್ಳಿಗಳನ್ನು ನೀರಿನ ಮೇಲೆ ಕೂರಿಸಿಡಿ.