ಮೊದಲ ದಿನ ಸಿಕ್ಕಿದ್ದು ಸಂತೆಯ ಗದ್ದಲ

2025 ನವೆಂಬರ್ 16, ಭಾನುವಾರ, ರಾತ್ರಿ ಹತ್ತೂವರೆ

ಇವತ್ತು ಮೊದಲ ಸಲ ಡಬ್ಬಿಂಗ್ ಸ್ಟುಡಿಯೊ ಒಳಗೆ ಮೈಕ್ ಮುಂದೆ ನಿಂತೆ. ಪಾತ್ರ ಏನೂ ಅಲ್ಲ, ಕ್ರೌಡ್, ಅಂದರೆ ಹಿನ್ನೆಲೆಯ ಜನರ ಗದ್ದಲ. ಹಿಂದಿಯಿಂದ ಕನ್ನಡಕ್ಕೆ ಬರುತ್ತಿರುವ ಒಂದು ಸೀರಿಯಲ್‌ನ ಸಂತೆ ದೃಶ್ಯ. ಆರು ಜನ ಒಂದೇ ಮೈಕ್ ಸುತ್ತ ನಿಂತು ಸೊಪ್ಪು ಮಾರಿದೆವು, ಚೌಕಾಶಿ ಮಾಡಿದೆವು, ಮಗು ಕಳೆದುಹೋಯಿತು ಅಂತ ಕೂಗಿದೆವು. ಆಮೇಲೆ ಸೌಂಡ್ ಎಂಜಿನಿಯರ್ ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ಕಳಿಸಿ, ಜಾಗ ಅದಲುಬದಲು ಮಾಡಿಸಿ, ದನಿ ಸ್ವಲ್ಪ ಬದಲಿಸಿ ಮತ್ತೊಂದು ಸಲ ಅಂದರು. ಹೀಗೆ ಮೂರು ಸಲ ರೆಕಾರ್ಡ್ ಮಾಡಿ ಒಂದರ ಮೇಲೊಂದು ಕೂರಿಸಿದರೆ ಆರು ಜನ ಹದಿನೆಂಟು ಜನ ಆಗುತ್ತೇವೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ನಿಜವಾಗಿಯೂ ಸಂತೆ ಇತ್ತು.

ಕ್ರೌಡ್‌ಗೆ ಯಾರೂ ಮಾತು ಬರೆದುಕೊಡುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ನಮ್ಮ ನಮ್ಮ ಊರಿನ ಸಂತೆಯನ್ನು ನಾವೇ ತರಬೇಕು.

ಕೊನೆಯಲ್ಲಿ ಒಂದೇ ಒಂದು ಮಾತು ನನಗೆ ಒಂಟಿಯಾಗಿ ಸಿಕ್ಕಿತು. ತರಕಾರಿ ಮಾರುವ ಹೆಂಗಸು, ಮುಖ ಹತ್ತಿರದಿಂದ ಕಾಣುತ್ತದೆ. ಹಿಂದಿಯಲ್ಲಿ ಅವಳು ಹೇಳುವುದು ‘ಕಮ್ ನಹೀ ಹೋಗಾ’. ಹಾಳೆಯಲ್ಲಿ ಬರೆದಿದ್ದು ‘ಬೆಲೆ ಇಳಿಸುವುದಿಲ್ಲ’. ನಾಲ್ಕು ಸಲ ಹೇಳಿದೆ, ನಾಲ್ಕು ಸಲವೂ ಅವಳ ತುಟಿಗೆ ಕೂರಲಿಲ್ಲ. ಯಾಕೆ ಅಂದರೆ ‘ಕಮ್’ ಅನ್ನುವಾಗ ಅವಳ ತುಟಿ ಮುಚ್ಚುತ್ತದೆ, ಅದೇ ಹೊತ್ತಿಗೆ ನನ್ನ ಬಾಯಲ್ಲಿ ‘ಲೆ’ ಇರುತ್ತದೆ. ಪ, ಬ, ಮ ಅನ್ನುವಾಗ ತುಟಿ ಮುಚ್ಚಲೇಬೇಕು, ಅದನ್ನು ನೋಡುವವರ ಕಣ್ಣು ತಕ್ಷಣ ಹಿಡಿಯುತ್ತದೆ. ಉಳಿದ ಅಕ್ಷರಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಡಬ್ಬಿಂಗ್ ನೋಡಿಕೊಳ್ಳುವವರು ಒಂದು ನಿಮಿಷ ಯೋಚನೆ ಮಾಡಿ, ‘ಕಮ್ಮಿ ಆಗಲ್ಲ’ ಅನ್ನಿ ಅಂದರು. ಒಂದೇ ಟೇಕ್‌ಗೆ ಕೂತಿತು! ಹಿಂದಿಯಲ್ಲೂ ಐದು, ಕನ್ನಡದಲ್ಲೂ ಐದು ಉಚ್ಚಾರದ ತುಂಡು (ಕಮ್-ಮಿ-ಆ-ಗಲ್-ಲ), ‘ಮ್’ ಹತ್ತಿರ ತುಟಿ ಮುಚ್ಚುತ್ತದೆ, ಕೊನೆಗೆ ಬಾಯಿ ‘ಆ’ ಅಂತ ತೆರೆದಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸಂತೆಯಲ್ಲಿ ಯಾರು ಬೆಲೆ ಇಳಿಸುವುದಿಲ್ಲ ಅಂತಾರೆ? ಕಮ್ಮಿ ಆಗಲ್ಲ ಅಂತಲೇ ತಾನೇ ಅನ್ನುವುದು.

ಬರುವಾಗ ಬಸ್‌ನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದೇ ಇರುತ್ತದೆ. ತೆಲುಗೂ ಹೆಚ್ಚುಕಡಿಮೆ ಹಾಗೇ. ಹಿಂದಿ, ಇಂಗ್ಲಿಷ್ ಬಾಯಿಗಳು ಪಟ್ ಅಂತ ಮುಚ್ಚಿಕೊಳ್ಳುತ್ತವೆ. ಇಂಗ್ಲಿಷ್‌ನವನು ‘ಸ್ಟಾಪ್’ ಅಂತ ತುಟಿ ಮುಚ್ಚಿ ನಿಂತರೆ ನಾವು ‘ನಿಲ್ಲು’ ಅಂತ ಹೇಳಿ ಕೂರಿಸಲು ಆಗುವುದಿಲ್ಲ. ‘ನಿಲ್ಲಪ್ಪ’ ಅಂದರೆ ಹತ್ತಿರ ಬರಬಹುದೇನೋ. ಇಷ್ಟು ದಿನ ನಾನು ದನಿಯ ಅಭ್ಯಾಸ ಮಾತ್ರ ಮಾಡುತ್ತಿದ್ದೆ, ಇನ್ನು ಕನ್ನಡದ ಅಭ್ಯಾಸ ಮಾಡಬೇಕು.

ಎಂಟು ತಿಂಗಳಿಂದ ಬೀರುವಿನ ಬಾಗಿಲು ತೆಗೆದು, ಅಮ್ಮನ ಹಳೇ ಸೀರೆಗಳ ನಡುವೆ ಮೈಕ್ ಇಟ್ಟುಕೊಂಡು ಓದುತ್ತಿದ್ದೇನೆ. ಬಟ್ಟೆ ಇದ್ದರೆ ಗೋಡೆಯಿಂದ ದನಿ ತಿರುಗಿ ಬರುವುದಿಲ್ಲ, ಕೋಣೆ ಖಾಲಿ ಡಬ್ಬದ ಹಾಗೆ ಕೇಳಿಸುವುದಿಲ್ಲ. ಬಾಯಿಗೂ ಮೈಕ್‌ಗೂ ಒಂದು ಗೇಣು, ಸ್ವಲ್ಪ ಓರೆಯಾಗಿ, ಇಲ್ಲದಿದ್ದರೆ ‘ಪ’ ‘ಭ’ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ದಿನಾ ಪೇಪರ್ ಗಟ್ಟಿಯಾಗಿ ಓದುತ್ತೇನೆ. ನಮ್ಮ ಮಂಡ್ಯ ಕಡೆ ಹಾಲು ಆಲು ಆಗುತ್ತದೆ, ಹಸು ಅಸು. ಅದನ್ನು ತಿದ್ದಿಕೊಂಡೆ. ಆದರೆ ಮರೆತಿಲ್ಲ, ಮರೆಯುವುದೂ ಇಲ್ಲ. ಇವತ್ತು ಸಂತೆಯಲ್ಲಿ ಕೆಲಸಕ್ಕೆ ಬಂದಿದ್ದು ಅದೇ.

ಈ ಕೆಲಸಕ್ಕೆ ಬರಬೇಕು ಅನ್ನಿಸಿದ್ದು ಯಾವಾಗ ಅಂತ ನನಗೆ ಸರಿಯಾಗಿ ನೆನಪಿದೆ. 2024ರ ಜುಲೈ 12ರ ಬೆಳಿಗ್ಗೆ. ಹಿಂದಿನ ರಾತ್ರಿ ನಿರೂಪಕಿ ಅಪರ್ಣಾ ತೀರಿಕೊಂಡಿದ್ದರು. ನಾನು ಮೆಟ್ರೊದಲ್ಲಿ ನಿಂತು ಫೋನ್‌ನಲ್ಲಿ ಆ ಸುದ್ದಿ ಓದುತ್ತಿದ್ದೆ, ಮೇಲಿಂದ ಅವರದೇ ದನಿ ಮುಂದಿನ ನಿಲ್ದಾಣದ ಹೆಸರು ಹೇಳಿತು. ಬೋಗಿಯಲ್ಲಿ ಇನ್ನೂ ಇಬ್ಬರು ತಲೆ ಎತ್ತಿ ನೋಡಿದರು. ಎಷ್ಟು ನಿಧಾನ, ಎಷ್ಟು ಸ್ಪಷ್ಟ, ಒಂದು ಅಕ್ಷರವೂ ನುಂಗದ ಕನ್ನಡ. ಅವತ್ತು ಆಫೀಸಿನಲ್ಲಿ ಏನೂ ಕೆಲಸ ಆಗಲಿಲ್ಲ.

ಈಗ ಶುರು ಮಾಡುವವರಿಗೆ ಕೆಲಸ ಇದೆ, ಅದು ನಿಜ. ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡದಂತೆ ದಶಕಗಳ ಕಾಲ ತಡೆ ಇತ್ತು, ಎಲ್ಲೂ ಬರೆದಿರದ ತಡೆ. ಅದು ಸರಿಯಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಟಿವಿಯಲ್ಲೂ ಡಬ್ಬಿಂಗ್ ಜಾಸ್ತಿ ಆಯಿತು. ಆಡಿಯೊ ಪುಸ್ತಕ, ಜಾಹೀರಾತು, ಆ್ಯಪ್‌ಗಳ ಕಥೆಗಳು ಬೇರೆ.

ಆದರೆ ಹೋದ ತಿಂಗಳು ಬಂದ ಒಂದು ಕೆಲಸದ ಬಗ್ಗೆ ಬರೆಯಲೇಬೇಕು. ಮೂರು ಸಾವಿರ ಬಿಡಿ ವಾಕ್ಯ ಓದಿ ಕಳಿಸಿ, ಒಳ್ಳೆ ದುಡ್ಡು ಅಂದರು. ಕಥೆ ಇಲ್ಲ, ಪಾತ್ರ ಇಲ್ಲ, ಸುಮ್ನೆ ವಾಕ್ಯಗಳು. ಯಾವುದಕ್ಕೆ ಅಂತ ಕೇಳಿದೆ, ಉತ್ತರ ಬರಲಿಲ್ಲ, ಒಪ್ಪಂದದ ಕಾಗದ ಬಂತು. ಅದರಲ್ಲಿ ನನ್ನ ದನಿಯನ್ನು ಯಾವ ಮಾಧ್ಯಮದಲ್ಲಾದರೂ, ಯಾವ ರೂಪದಲ್ಲಾದರೂ, ಎಷ್ಟು ಕಾಲವಾದರೂ ಬಳಸಬಹುದು ಅಂತ ಇತ್ತು. ಅಂದರೆ ನನ್ನ ದನಿಯ ಒಂದು ಯಂತ್ರ ಮಾಡಿಕೊಂಡು, ನಾನು ಹೇಳದ ಮಾತನ್ನೂ ನನ್ನ ದನಿಯಲ್ಲಿ ಹೇಳಿಸಬಹುದು. ನಾನು ಸಹಿ ಹಾಕಲಿಲ್ಲ. ಆ ತಿಂಗಳ ಬಾಡಿಗೆಗೆ ಆ ದುಡ್ಡು ಬೇಕಿತ್ತು, ಸಂಕಟ ಆಯಿತು, ಆದರೂ ಹಾಕಲಿಲ್ಲ. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ತಮ್ಮ ದನಿಯನ್ನು ಎಐ ಬಳಸಿ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋದಾಗ ಕೋರ್ಟ್ ಅವರಿಗೆ ರಕ್ಷಣೆ ಕೊಟ್ಟಿತು. ಅವರ ದನಿ ದೇಶಕ್ಕೇ ಗೊತ್ತು. ನನ್ನ ದನಿ ಯಾರದು ಅಂತ ಯಾರಿಗೆ ಗೊತ್ತು? ಸಂತೆಯ ಹದಿನೆಂಟು ಜನರಲ್ಲಿ ನಾನೂ ಒಬ್ಬಳು. ಅದಕ್ಕೇ ಕಾಗದದಲ್ಲಿ ‘ಈ ಒಂದು ಕೆಲಸಕ್ಕೆ ಮಾತ್ರ, ಎಐ ತರಬೇತಿಗೆ ಅಲ್ಲ’ ಅನ್ನುವ ಸಾಲು ಇರಲೇಬೇಕು ಅಂತ ಈಗ ಎಲ್ಲರನ್ನೂ ಕೇಳುತ್ತೇನೆ. ಇವತ್ತಿನ ಸ್ಟುಡಿಯೊದವರು ಬೇಜಾರಿಲ್ಲದೆ ಬರೆದುಕೊಟ್ಟರು.

ಬುಧವಾರ ಮತ್ತೆ ಬರಲು ಹೇಳಿದ್ದಾರೆ. ಮದುವೆ ಮನೆ, ಊಟದ ಪಂಕ್ತಿ. ಈಗ ತಾನೇ ಅಮ್ಮನಿಗೆ ಫೋನ್ ಮಾಡಿ, ಬಡಿಸುವಾಗ ನಮ್ಮ ಕಡೆ ಏನೇನು ಅಂತಾರೆ ಹೇಳು ಅಂತ ಕೇಳಿ ಒಂದು ಪುಟ ಬರೆದುಕೊಂಡೆ. ಇನ್ನೊಂದು ಚೂರು ಆಕ್ಸ್ಕೊ. ಎಲೆ ಮಡಿಸ್‌ಬ್ಯಾಡ, ಪಾಯ್ಸ ಬತ್ತಾ ಅದೆ. ಅಯ್ಯೋ, ಆ ಮಗೀಗೆ ಯಾರೂ ಅಪ್ಪಳ ಇಕ್ಕೇ ಇಲ್ವಲ್ಲ.